ಕೊನೆಯ ಅಧ್ಯಾಯ ಕಳಿಸಬೇಡ

ಆಗಸ್ಟ್ ೬

ಮಗಳೇ,

ನನ್ನ ಹಿಂದಿನ ಪತ್ರದಲ್ಲಿ ಒಂದು ತಪ್ಪು ನುಸುಳಿದೆ. ಮೊದಲು ಅದನ್ನು ಸರಿಪಡಿಸುತ್ತೇನೆ. ಟೆಲಿಫೋನ್ ಆಪರೇಟರೊಬ್ಬಳ ಬಗೆಗಿನ ನಿನ್ನ ಕಾದಂಬರಿಯ ಐದನೆಯ ಅಧ್ಯಾಯವನ್ನು ನಾನು ಓದಿ ಹೇಳುತ್ತಿರುವಾಗ ನಿನ್ನ ತಾಯಿ ನಿದ್ದೆ ಹೋದಳೆಂದು ಬರೆದಿದ್ದೆ. ಆಕೆ ನಿದ್ದೆ ಹೋಗಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು, ಅಷ್ಟೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ, ಬಾಯಿತುಂಬ ನೊರೆ ಇಟ್ಟುಕೊಂಡೇ ಹೇಳಿದಳು: "ಆ ಸೂಪರ್‌ವೈಸರು ಇವಳನ್ನ ರಾತ್ರಿ ಪಾಳಿಗೆ ಹಾಕಿದ್ನಲ್ಲ, ಬೇಕಂತಲೇ ಹಾಕಿದ್ದು. ನಮ್ಮ ಮರಿ ಅದನ್ನ ಬರೆದೇ ಇಲ್ಲ. ಅವನ ಮೀಸೆ ಬಗ್ಗೆ ಒಂದು ಪುಟ ಬರೆದಿದ್ದಾಳೆ."

ಕಥೆ ಬರೆಯುವುದಕ್ಕೂ ಒಂದು ಸ್ನಾತಕೋತ್ತರ ಪದವಿ ಉಂಟೇ ಎಂದು, ನೀನು ವಿಮಾ ಕಚೇರಿಯ ಕೆಲಸ ಬಿಟ್ಟು ಹೊರಟಾಗ ನಾನು ನಕ್ಕಿದ್ದು ನಿನಗೆ ನೆನಪಿರಬೇಕು. ಈಗ ಈ ಮನೆಯಲ್ಲಿ ಆ ಪದವಿಯ ಮೇಲೆ ಏನು ನಿಂತಿದೆಯೆಂಬುದನ್ನು ತಿಳಿಸಲು ಈ ಪತ್ರ.

ಕಳೆದ ತಿಂಗಳ ಕೊನೆಯಲ್ಲಿ ನಿನ್ನ ತಾಯಿ ಇನ್ನು ಡಯಾಲಿಸಿಸ್ಸಿಗೆ ಹೋಗುವುದಿಲ್ಲವೆಂದು ಹೇಳಿದಳು. ಸಿಟ್ಟಿನಿಂದಲ್ಲ, ಹಾಲು ಸಾಕು ಎನ್ನುವಷ್ಟು ಸಹಜವಾಗಿ. "ವಾರಕ್ಕೆ ಮೂರು ದಿನ ಯಂತ್ರಕ್ಕೆ, ಮಿಕ್ಕ ದಿನ ಆ ಸುಸ್ತಿಗೆ. ನನಗೆ ಅಂತ ಯಾವ ದಿನ ಉಳೀತು ಹೇಳಿ ಮೇಷ್ಟ್ರೇ?" ಮಂಗಳವಾರ ಆಸ್ಪತ್ರೆಯ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಆಕೆ ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು. ತಿರುಗದೆಯೇ, "ಆರನೇ ಅಧ್ಯಾಯ ಯಾವಾಗ ಬರುತ್ತೆ?" ಎಂದು ಕೇಳಿದಳು.

"ಎರಡು ವಾರ ಆಗುತ್ತಂತೆ."

"ಹಾಗಾದ್ರೆ ಚಪ್ಪಲಿ ಕೊಡಿ."

ಅಂದಿನಿಂದ ಪ್ರತಿ ಸಲವೂ ವ್ಯಾನಿನ ಸದ್ದು ಕೇಳಿದೊಡನೆ ಅದೇ ಪ್ರಶ್ನೆ, ಅನಂತರ ಚಪ್ಪಲಿ. ಹೆಚ್ಚು ವಿವರಿಸುವ ಅಗತ್ಯ ಕಾಣೆ. ಅಧ್ಯಾಯಗಳನ್ನು ಅಚ್ಚು ತೆಗೆದೇ ಕಳಿಸು. ಫೋನಿನ ಪರದೆಯ ಮೇಲೆ ನನಗೆ ಓದಲಾಗುವುದಿಲ್ಲ.

ನಿನ್ನ ತಂದೆ

——

ಆಗಸ್ಟ್ ೨೩

ಅಪ್ಪನಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಓದಿದೆ, ಆಮೇಲೆ ತರಗತಿಗೆ ಹೋಗಲಿಲ್ಲ. ಆರನೆಯ ಅಧ್ಯಾಯ ಇದರೊಂದಿಗಿದೆ. ರಾತ್ರಿ ಪಾಳಿಯ ಸಂಗತಿಯನ್ನು ಅಮ್ಮ ಹೇಳಿದಂತೆಯೇ ಸೇರಿಸಿದ್ದೇನೆ. ಮೀಸೆಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಇಲ್ಲಿಯ ಪದ್ಧತಿಯನ್ನು ನಿಮಗೆ ಹೇಳಬೇಕು, ಯಾಕೆಂದರೆ ಅದರಲ್ಲೇ ನಾನು ಸಿಕ್ಕಿಬಿದ್ದಿದ್ದೇನೆ. ವಾರಕ್ಕೊಮ್ಮೆ ಕಮ್ಮಟ. ಉದ್ದನೆಯ ಮೇಜು, ಎಂಟು ಜನ, ತುದಿಯಲ್ಲಿ ನಮ್ಮ ಮಾರ್ಗದರ್ಶಕಿ ಮೇಡಂ. ಒಬ್ಬರು ಬರೆದದ್ದನ್ನು ಉಳಿದವರೆಲ್ಲ ಓದಿಕೊಂಡು ಬಂದು ಚರ್ಚಿಸುತ್ತಾರೆ. ಚರ್ಚೆ ಮುಗಿಯುವವರೆಗೂ ಬರೆದವರು ಬಾಯಿ ಬಿಡುವಂತಿಲ್ಲ. ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ 'ಕೃತಿಕಾರರು ಇಲ್ಲಿ ಹೆದರಿದ್ದಾರೆ', 'ಕೃತಿಕಾರರಿಗೆ ತಾಯಿಯ ಮೇಲೆ ಸಿಟ್ಟಿದೆ' ಎಂದು ಮಾತಾಡುತ್ತಾರೆ. ನಮ್ಮಲ್ಲೊಬ್ಬನಿದ್ದಾನೆ, ಎಲ್ಲದಕ್ಕೂ 'ನನಗೇನೂ ಅನ್ನಿಸಲಿಲ್ಲ' ಎನ್ನುವವನು. ಅವನಿಗೆ ನಾವು ಮರದಣ್ಣ ಎಂದು ಹೆಸರಿಟ್ಟಿದ್ದೇವೆ. ಮರದಣ್ಣನಿಗೆ ಏನಾದರೂ ಅನ್ನಿಸಿತೆಂದರೆ ಆ ದಿನ ಎಲ್ಲರಿಗೂ ಚಹಾ.

ಅಪ್ಪಾ, ಒಂದು ವಿಷಯವನ್ನು ನಿಮಗೆ ಹೇಳಿರಲಿಲ್ಲ. ಪ್ರವೇಶದ ಹೊತ್ತಿಗೇ ಕಾದಂಬರಿಯ ರೂಪರೇಷೆಯನ್ನು ಇಲಾಖೆಗೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಆಗ ಅಮ್ಮ ಗಟ್ಟಿಯಾಗಿದ್ದರು, ಕಾಯಿಲೆಯ ಸುಳಿವೂ ಇರಲಿಲ್ಲ. ಹನ್ನೆರಡು ಅಧ್ಯಾಯ, ಹನ್ನೆರಡನೆಯದರಲ್ಲಿ, ಅಮ್ಮನನ್ನೇ ನೋಡಿ ಬರೆದ ಆ ಟೆಲಿಫೋನ್ ಆಪರೇಟರು ಸಾಯುತ್ತಾಳೆ. ಕಥೆಗೆ ಒಂದು ಮುಕ್ತಾಯ ಬೇಕಿತ್ತು, ಬರೆದೆ. ಎಷ್ಟು ಸುಲಭವಾಗಿ ಬರೆದೆ!

ನಾನು ಊರಿಗೆ ಬಂದುಬಿಡಲೇ? ಅಮ್ಮನನ್ನು ಕೇಳಿ ಹೇಳಿ.

ನಿಮ್ಮ ಮಗಳು

——

ಸೆಪ್ಟೆಂಬರ್ ೧೧

ಮಗಳೇ,

ಕೇಳಿದೆ. "ಬರಬೇಡ ಅನ್ನಿ. ಅವಳು ಇಲ್ಲಿಗೆ ಬಂದ್ರೆ ಅಲ್ಲಿ ಬರೆಯೋರು ಯಾರು?" ಎಂದಳು. ಹನ್ನೆರಡನೆಯ ಅಧ್ಯಾಯದ ವಿಚಾರವನ್ನು ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ನಿನ್ನ ಕಮ್ಮಟದ ಪದ್ಧತಿಯನ್ನು ಮಾತ್ರ ಓದಿ ಹೇಳಿದೆ. ಆಕೆಗೆ ಅದು ಬಹಳ ಹಿಡಿಸಿತು. ಭಾನುವಾರ ನಿನ್ನ ಸೋದರಮಾವ ಹೆಂಡತಿಯೊಡನೆ ನೋಡಲು ಬಂದಿದ್ದ. ಮಂಚದ ಎರಡು ಕಡೆ ಕುರ್ಚಿ ಹಾಕಿಕೊಂಡು ಇಬ್ಬರೂ ಆಕೆಯ ಮೇಲಿನಿಂದಲೇ ಮಾತು ನಡೆಸಿದರು.

"ಹೋದ ಸಲಕ್ಕಿಂತ ಊತ ಕಮ್ಮಿ ಆಗಿದೆ ಅಲ್ವಾ?"

"ಊತ ಏನೋ ಕಮ್ಮಿ, ಮುಖದಲ್ಲಿ ಕಳೆ ಇಲ್ಲ ನೋಡಿ."

"ಉಪ್ಪು ಬಿಟ್ಟಿದ್ದಾಳಾ ಭಾವ? ಇವಳು ಕದ್ದು ತಿಂತಾಳೆ, ಚಿಕ್ಕಂದಿನಿಂದ್ಲೂ ಅಭ್ಯಾಸ."

ನಿನ್ನ ತಾಯಿ ಕೈಕಟ್ಟಿ, ಕಣ್ಣು ಬಿಟ್ಟುಕೊಂಡು, ಪರೀಕ್ಷೆಗೆ ಕೂತ ಹುಡುಗಿಯಂತೆ ಸುಮ್ಮನಿದ್ದಳು. ಮಾತು ತಾನಾಗಿ ನಿಂತಾಗ ಕೇಳಿದಳು: "ಮುಗೀತಾ? ಈಗ ಕೃತಿಕಾರಳು ಮಾತಾಡಬಹುದಾ?" ನಿನ್ನ ಮಾವ ನನ್ನ ಮುಖ ನೋಡಿ, "ತಲೆಗೂ ಏರಿದೆಯಾ ಭಾವ?" ಎಂದು ಪಿಸುಗುಟ್ಟಿದ. ಆಕೆ ನಕ್ಕಳು. ನಕ್ಕಿದ್ದಕ್ಕೆ ಸಂಜೆಯವರೆಗೂ ಏದುಸಿರು.

ಈಗ ನನ್ನ ಕೋರಿಕೆ. ವೃತ್ತಿಯುದ್ದಕ್ಕೂ ಮಕ್ಕಳ ಪ್ರಬಂಧಗಳಲ್ಲಿ ಅನಗತ್ಯ ವಿಸ್ತಾರವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದವನು ಕೇಳುತ್ತಿದ್ದೇನೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದು. ಎಳೆ. ನಿನ್ನ ಕಥೆಯನ್ನು ಎಷ್ಟು ಸಾಧ್ಯವೋ ಅಷ್ಟು ಎಳೆ. ಎಕ್ಸ್‌ಚೇಂಜಿನ ಕಿಟಕಿಯನ್ನು ವರ್ಣಿಸು. ಕ್ಯಾಂಟೀನಿನ ಬೆಂಚನ್ನು ವರ್ಣಿಸು. ಹೊಸ ಪಾತ್ರವೊಂದನ್ನು ತಂದು ನಿಲ್ಲಿಸು. ಸೂಪರ್‌ವೈಸರನಿಗೆ ಮದುವೆ ಮಾಡಿಸಿದರೂ ನನ್ನ ಆಕ್ಷೇಪವಿಲ್ಲ. ಹನ್ನೆರಡನೆಯದಕ್ಕೆ ಮೊದಲು ಎಷ್ಟು ಅಧ್ಯಾಯ ಹಿಡಿಸಬಹುದೋ ಅಷ್ಟನ್ನು ತುಂಬು. ಕೊನೆಯದನ್ನು ಮಾತ್ರ ಕಳಿಸಬೇಡ.

ನಿನ್ನ ತಂದೆ

——

ನವೆಂಬರ್ ೧೯

ಅಪ್ಪನಿಗೆ ನಮಸ್ಕಾರ.

ಬರೆಯುವುದು ತಡವಾಯಿತು. ಕಳಿಸಿದ ಅಧ್ಯಾಯಗಳೆಲ್ಲ ತಲುಪಿವೆಯೆಂದು ನೀವು ಫೋನಿನಲ್ಲಿ ಹೇಳಿದಿರಿ. ಅಮ್ಮನಿಗೆ ಸೂಪರ್‌ವೈಸರನ ಮದುವೆಯೂಟದ ಜಗಳ ಇಷ್ಟವಾಯಿತೆಂದೂ ಹೇಳಿದಿರಿ. ಇಲ್ಲಿ ಮಾತ್ರ ಯಾರಿಗೂ ಆಗಿಲ್ಲ.

ಮೊನ್ನೆಯ ಕಮ್ಮಟದಲ್ಲಿ ನನ್ನ ಸರದಿ. ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಒಂದೇ ಮಾತು: ಕಥೆ ನಿಂತುಬಿಟ್ಟಿದೆ. "ಒಂಬತ್ತನೇ ಅಧ್ಯಾಯದವರೆಗೂ ಬಸ್ಸು ಓಡ್ತಾ ಇತ್ತು. ಆಮೇಲೆ ಡ್ರೈವರ್ ಇಳಿದು ಹೋಗಿದ್ದಾನೆ, ಕಂಡಕ್ಟರ್ ಮಾತ್ರ ಟಿಕೆಟ್ ಕೊಡ್ತಾನೇ ಇದ್ದಾನೆ" ಎಂದಳು ಒಬ್ಬಳು. ಎಲ್ಲರೂ ನಕ್ಕರು, ನನಗೂ ನಗು ಬಂತು, ಅಷ್ಟು ಸರಿಯಾದ ಮಾತು ಅದು. ಇನ್ನೊಬ್ಬರು, "ಕೃತಿಕಾರರಿಗೆ ಆಪರೇಟರನ್ನು ಸಾಯಿಸುವ ಧೈರ್ಯ ಇಲ್ಲ" ಎಂದರು. ಆಗ ಮರದಣ್ಣ ಬಾಯಿಬಿಟ್ಟ. "ನನಗೆ ಅನ್ನಿಸ್ತು," ಎಂದ. "ಇವರು ಯಾರಿಗೋಸ್ಕರವೋ ಬರೀತಿದ್ದಾರೆ. ನಮಗಲ್ಲ. ನಾವು ಓದಬಾರದಿತ್ತು ಅಂತ ಅನ್ನಿಸ್ತು."

ಚರ್ಚೆ ಮುಗಿದು ನನಗೆ ಮಾತಾಡಲು ಬಿಟ್ಟರು. ಹೇಳಬಹುದಿತ್ತು. ಎಲ್ಲರೂ ಕಾಯುತ್ತಿದ್ದರು, ಮೇಡಂ ಪೆನ್ನು ಕೆಳಗಿಟ್ಟಿದ್ದರು. ನಾನು "ಧನ್ಯವಾದ" ಎಂದು ಹೇಳಿ ಹಾಳೆ ಜೋಡಿಸಿಕೊಂಡೆ. ಹೇಳಿದ್ದರೆ ಅವರು ಮರುಕಪಟ್ಟು ಆ ಅಧ್ಯಾಯಗಳನ್ನು ಚೆನ್ನಾಗಿವೆ ಎನ್ನುತ್ತಿದ್ದರು. ಅವು ಚೆನ್ನಾಗಿಲ್ಲ ಅಪ್ಪಾ.

ಮೇಡಂ ಕೋಣೆಗೆ ಕರೆದು ನಿಯಮ ಹೇಳಿದರು. ಜನವರಿ ಮೊದಲ ವಾರ ಕೃತಿ ಪೂರ್ತಿಯಾಗಿ ಸಲ್ಲಿಕೆಯಾಗಬೇಕು, ಒಪ್ಪಿದ ರೂಪರೇಷೆಯಂತೆ. ಆ ತಿಂಗಳ ಕೊನೆಯಲ್ಲಿ ಮೌಖಿಕ ಪರೀಕ್ಷೆ. ನಾನು ಒಂದು ಸಲ ಗಡುವು ಮುಂದೂಡಿಸಿಕೊಂಡಾಗಿದೆ. ಪರೀಕ್ಷೆಗೆ ಹಾಜರಾಗದಿದ್ದರೆ ಈ ಸಲ ನೋಂದಣಿಯೇ ರದ್ದು, ಎರಡು ವರ್ಷವೂ ಇಲ್ಲದಂತೆ.

ಪದವಿ ಹೋದರೆ ಹೋಗಲಿ ಎಂದು ಎಷ್ಟೋ ಸಲ ಅಂದುಕೊಂಡೆ. ಅದು ಸಿಕ್ಕರೂ ಯಾರೂ ಕೆಲಸ ಕೊಡುವುದಿಲ್ಲ, ನಮ್ಮ ಹಿಂದಿನ ತಂಡದವರು ಅಂಗಡಿಯ ಸೋಪಿನ ಜಾಹೀರಾತು ಬರೆಯುತ್ತಿದ್ದಾರೆ. ಆದರೆ ಎಳೆಯಲು ಕೂಡ ನನ್ನಲ್ಲಿ ಈಗ ಏನೂ ಉಳಿದಿಲ್ಲ. ಒಂದು ವಾಕ್ಯ ಬರೆಯುತ್ತೇನೆ, ಇದರಿಂದ ಅಮ್ಮನಿಗೆ ಎಷ್ಟು ದಿನ ಎಂದು ಯೋಚಿಸುತ್ತೇನೆ, ಕೈ ಅಲ್ಲೇ ನಿಲ್ಲುತ್ತದೆ. ಈ ಸಲ ಲಕೋಟೆಯಲ್ಲಿ ಅಧ್ಯಾಯವಿಲ್ಲ. ಏನಾದರೂ ಹೇಳಿ ಸಂಭಾಳಿಸಿ.

ನಿಮ್ಮ ಮಗಳು

——

ಡಿಸೆಂಬರ್ ೧೭

ಮಗಳೇ,

ಸಂಭಾಳಿಸಲು ಪ್ರಯತ್ನಿಸಿದೆ, ಫಲ ವಿಪರೀತವಾಯಿತು. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಲಕೋಟೆಯಲ್ಲಿ ಅಧ್ಯಾಯವಿಲ್ಲದ್ದನ್ನು ಕಂಡು ನಾನೇ ಒಂದನ್ನು ಬರೆದೆ. ಆಕೆ ಯಂತ್ರದ ಮೇಲಿರುವ ಹೊತ್ತಿನಲ್ಲಿ, ಆಸ್ಪತ್ರೆಯ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಕುಳಿತು ಬರೆದೆ. ಎಕ್ಸ್‌ಚೇಂಜಿನ ಆಪರೇಟರು ವಾಸಿಯಾಗಿ, ಗೆಳತಿಯರೊಡನೆ ಒಂದು ದಿನದ ಪ್ರವಾಸ ಹೋಗಿ ಬರುವ ಅಧ್ಯಾಯ. ಬೀದಿಯ ಮೂಲೆಯ ಅಂಗಡಿಯಲ್ಲಿ ನಿನ್ನ ಹಾಳೆಗಳಂತೆಯೇ ಅಚ್ಚು ಮಾಡಿಸಿದೆ. ಶುಕ್ರವಾರ ಮಧ್ಯಾಹ್ನ ಓದಿ ಹೇಳಿದೆ. ಎಂದಿಗಿಂತ ಗಮನವಿಟ್ಟು ಕೇಳಿದಳು. ಮುಗಿದ ಮೇಲೆ ಹೊದಿಕೆಯ ಅಂಚನ್ನು ಸರಿಮಾಡಿಕೊಂಡು ಕೇಳಿದಳು:

"ಇದನ್ನ ಯಾವಾಗ ಬರೆದ್ರಿ?"

"ನಾನೇಕೆ ಬರೆಯಲಿ?"

"ಮೇಷ್ಟ್ರೇ, ಇದರಲ್ಲಿ ಬಸ್ಸಿಗೆ ಓಡೋರೂ ವಾಕ್ಯ ಪೂರ್ತಿ ಮಾಡಿ ಓಡ್ತಾರೆ. ನಾಲ್ಕು ಜನ ಹೆಂಗಸರು ಪ್ರವಾಸ ಹೋಗಿದ್ದಾರೆ, ಒಬ್ಬಳೂ ಇನ್ನೊಬ್ಬಳ ಮಾತಿಗೆ ಅಡ್ಡ ಬಾಯಿ ಹಾಕಿಲ್ಲ. ಅವರೇನು ಹೆಂಗಸರಾ, ಪ್ರಾರ್ಥನೆಗೆ ನಿಂತ ಮಕ್ಕಳಾ?"

ನಾನು ತಲೆ ತಗ್ಗಿಸಿದೆ. ಆಕೆ ನಗುತ್ತಾಳೆಂದು ಕಾದೆ, ನಗಲಿಲ್ಲ.

"ಮರಿ ಎಳೀತಾ ಇದ್ದಾಳೆ ಅಂತ ನನಗೆ ಸೂಪರ್‌ವೈಸರ್ ಮದುವೆ ಹೊತ್ತಿಗೇ ಗೊತ್ತಾಯ್ತು. ಅವಳಿಗೆ ಹೇಳಿಕೊಟ್ಟೋರು ನೀವೇ ಅಂತಾನೂ ಗೊತ್ತಾಯ್ತು. ಸುಮ್ಮನೆ ಕೇಳಿಸ್ಕೊಂಡೆ. ನಿಮಗಿಬ್ಬರಿಗೂ ಅದರಲ್ಲಿ ಏನೋ ಸಮಾಧಾನ ಇದೆ ಅಂತ ಆಸ್ಪತ್ರೆಗೆ ಹೋಗಿ ಬಂದು ಮಾಡಿದೆ. ಸೂಜಿ ಚುಚ್ಚಿಸ್ಕೊಳ್ಳೋ ತೋಳು ನನ್ನದು."

"ಹಾಗೆಲ್ಲ ಅನ್ನಬೇಡ."

"ಅಂತೀನಿ. ನಾನು ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದಾಗ ನಮಗಿದ್ದ ನಿಯಮ ಒಂದೇ. ಎರಡು ಕಡೆಯೋರೂ ಮಾತು ಮುಗಿಸಿದ ಮೇಲೆ ಪ್ಲಗ್ಗು ಕೀಳಬೇಕು. ಅದಕ್ಕೆ ಮೊದಲೇ ಕೀಳಬಾರದು. ಮುಗಿದ ಮೇಲೆ ಹಿಡ್ಕೊಂಡೂ ಕೂರಬಾರದು, ಲೈನು ಸುಮ್ಮನೆ ಸತ್ತು ಬಿದ್ದಿರುತ್ತೆ. ಅವಳ ಕಥೆ ಕೊನೆಗೆ ಏನಾಗುತ್ತೆ?"

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ. "ಸಾಯುತ್ತಾಳೆ" ಎಂದೆ.

"ಮತ್ತೆ ಅದಕ್ಯಾಕೆ ಇಷ್ಟು ಒದ್ದಾಟ? ಅವಳಿಗೆ ಬರೆಯಿರಿ. ನೆಟ್ಟಗೆ ಮುಗಿಸಿ ಕಳಿಸು ಅನ್ನಿ. ಅದು ಬರೋತನಕ ವ್ಯಾನು ಹತ್ತುತ್ತೀನಿ. ಬಂದ ಮೇಲೆ ಹತ್ತಲ್ಲ. ಇದು ನಿಮ್ಮ ಮೇಲೆ ಸಿಟ್ಟಲ್ಲ, ತಿಳೀತಾ?"

ಡಾಕ್ಟರಲ್ಲಿ ವಿಚಾರಿಸಿದೆ. ಇನ್ನೊಂದು ಮೂತ್ರಪಿಂಡ ಜೋಡಿಸುವ ಮಾತನ್ನು ಅವರು ಹಿಂದೆಯೇ ಕೈಬಿಟ್ಟಿದ್ದರು, ಹೃದಯ ತಡೆಯದು. ಈಗ ಯಂತ್ರದಿಂದಲೂ ಸಿಗುವುದು ದಿನಗಳು ಮಾತ್ರ, ಚೈತನ್ಯವಲ್ಲ ಎಂದರು. ನಿಲ್ಲಿಸಿದರೆ ಹೆಚ್ಚು ನೋವಿಲ್ಲದಂತೆ ನೋಡಿಕೊಳ್ಳುತ್ತೇವೆ ಎಂದರು. ಬಹಳ ಸಭ್ಯ ಮನುಷ್ಯ. ಎದ್ದು ನಿಂತು ನನ್ನನ್ನು ಬಾಗಿಲವರೆಗೆ ಕಳಿಸಿಕೊಟ್ಟರು.

ಕಳಿಸು ಎಂದು ನಿನ್ನ ತಾಯಿ ಹೇಳುತ್ತಾಳೆ. ಕಳಿಸಬೇಡ ಎಂದು ನಾನು ಹೇಳುತ್ತೇನೆ. ಇಬ್ಬರ ಮಾತನ್ನೂ ಯಥಾವತ್ತಾಗಿ ಮುಟ್ಟಿಸಿದ್ದೇನೆ.

ನಿನ್ನ ತಂದೆ

——

ಜನವರಿ ೩

ಅಪ್ಪಾ,

ಕೃತಿಯನ್ನು ಇವತ್ತು ಸಲ್ಲಿಸಿದೆ. ನಡುವೆ ತುಂಬಿದ ಅಧ್ಯಾಯಗಳನ್ನೆಲ್ಲ ತೆಗೆದುಹಾಕಿದೆ. ಕೊನೆಯದು ಇದರೊಂದಿಗಿದೆ.

ಒಂದೇ ಪಟ್ಟಿಗೆ ಕೂತು ಬರೆದೆ. ಅಳಲಿಲ್ಲ. ಬರೆಯುವಾಗ ಅದು ಚೆನ್ನಾಗಿ ಬರುತ್ತಿದೆಯೆಂದು ಗೊತ್ತಾಗುತ್ತಿತ್ತು, ಅದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮೇಡಂ ಓದಿ, ಇದೇ ಈ ಪುಸ್ತಕದ ಅತ್ಯುತ್ತಮ ಅಧ್ಯಾಯ ಎಂದರು. ಅವರ ಕೋಣೆಯಿಂದ ಹೊರಗೆ ಬಂದು ಕೈತೊಳೆಯುವಲ್ಲಿ ಬಹಳ ಹೊತ್ತು ನಿಂತಿದ್ದೆ.

ಮೌಖಿಕ ಪರೀಕ್ಷೆ ಇಪ್ಪತ್ತೆಂಟನೇ ತಾರೀಖು ಮಂಗಳವಾರ ಮಧ್ಯಾಹ್ನ. ಅಂದು ಸಂಜೆಯ ರೈಲಿಗೇ ಹೊರಡುತ್ತೇನೆ, ಟಿಕೇಟು ತೆಗೆದಿದ್ದೇನೆ. ಅಲ್ಲಿಯವರೆಗೆ ಲಕೋಟೆಯನ್ನು ಅಮ್ಮನಿಗೆ ತೋರಿಸಬೇಡಿ. ಬಂದಿಲ್ಲ ಎನ್ನಿ. ನಾನು ಬಂದು ನಾನೇ ಓದಿ ಹೇಳುತ್ತೇನೆ. ಆಮೇಲಿನದನ್ನು ಅಮ್ಮನ ಪಕ್ಕದಲ್ಲಿ ಕೂತು ನೋಡೋಣ. ಇಷ್ಟನ್ನು ಮಾತ್ರ ನಡೆಸಿಕೊಡಿ.

ನಿಮ್ಮ ಮಗಳು

——

ಮಗಳೇ,

ನಡೆಸಿಕೊಡಲಾಗಲಿಲ್ಲ. ಅಂಚೆಯವನು ಲಕೋಟೆ ತಂದಾಗ ನಾನು ಔಷಧಿ ಅಂಗಡಿಯಲ್ಲಿದ್ದೆ. ಬಾಗಿಲು ತೆರೆದವಳು ಮನೆಗೆಲಸದಾಕೆ, ತೆಗೆದುಕೊಂಡವಳು ನಿನ್ನ ತಾಯಿ. ನಾನು ಬರುವ ಹೊತ್ತಿಗೆ ಅದನ್ನು ಎದೆಯ ಮೇಲಿಟ್ಟುಕೊಂಡು, ಕನ್ನಡಕ ಒರೆಸಿ ನನಗಾಗಿ ಸಿದ್ಧಮಾಡಿ ಕಾಯುತ್ತಿದ್ದಳು. ಅಂದು ಹನ್ನೊಂದನೇ ತಾರೀಖು, ಶನಿವಾರ, ಯಂತ್ರಕ್ಕೆ ಹೋಗಿಬಂದ ದಿನ. "ನಾಳೆ ಓದೋಣ" ಎಂದೆ. "ನಾಳೆ ಬೇರೆ ಯಾವ ಕೆಲಸ ಇದೆ ಅಂತ ಇವತ್ತು ಬಿಡೋದು? ಓದಿ" ಎಂದಳು.

ಓದಿದೆ. ತಿದ್ದಬೇಕಾದದ್ದು ಏನೂ ಕಾಣಲಿಲ್ಲ. ಮುಗಿದ ಮೇಲೆ, "ಚೆನ್ನಾಗಿ ಬರೆದಿದ್ದಾಳೆ" ಎಂದಳು. ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, "ಒಂದೇ ಒಂದು ಕಡೆ ಕಟ್ಟುಕಥೆ ಅನ್ನಿಸ್ತು."

"ಎಲ್ಲಿ?"

"ಕೊನೇಲಿ ಮಗಳು ಪಕ್ಕದಲ್ಲಿ ಕೂತಿರ್ತಾಳಲ್ಲ, ಅಲ್ಲಿ."

ನಾನು ಎದ್ದೆ. "ಅದನ್ನು ನಿಜ ಮಾಡಬಹುದು. ಈಗಲೇ ಫೋನ್ ಮಾಡ್ತೀನಿ. ನಾಳೆ ಸಂಜೆಗೆ ಇಲ್ಲಿರ್ತಾಳೆ."

"ಕೂತ್ಕೊಳ್ಳಿ. ಬಂದ್ರೆ ವಾಪಸ್ ಹೋಗ್ತಾಳಾ? ಹೋಗಲ್ಲ. ಆಫೀಸು ಅರ್ಧಕ್ಕೆ ಬಿಟ್ಟಳು. ಇದನ್ನೂ ಅರ್ಧಕ್ಕೆ ಬಿಟ್ಟು, ನಾನು ಹೋದ ಮೇಲೆ ಈ ಮನೇಲಿ ನಿಮ್ಮ ಮುಖ ನೋಡ್ಕೊಂಡು ಕೂರ್ತಾಳೆ. ನಿಮ್ಮ ಮುಖ ನಾನು ನೋಡಿದ್ದು ಸಾಕು, ಅವಳಿಗೆ ಬೇಡ. ಪರೀಕ್ಷೆ ಮುಗೀಲಿ."

"ಅಲ್ಲಿಯವರೆಗೆ ವ್ಯಾನು ಹತ್ತು. ಎರಡೇ ಎರಡು ವಾರ."

"ಎರಡೇ ವಾರ, ಎರಡೇ ವಾರ ಅಂತಾನೇ ಆಗಸ್ಟಿನಿಂದ ಹತ್ತುತ್ತಾ ಇದ್ದೀನಿ. ಇನ್ನು ಈ ತೋಳಿನಲ್ಲಿ ಆಗಲ್ಲ ಮೇಷ್ಟ್ರೇ. ನಿಜವಾಗ್ಲೂ ಆಗಲ್ಲ." ಆಗ ಮಾತ್ರ ಆಕೆಯ ಕಣ್ಣಲ್ಲಿ ನೀರು ಬಂತು. ಅನಂತರ ನನ್ನಿಂದ ಮಾತು ತೆಗೆದುಕೊಂಡಳು: ಫೋನಿನಲ್ಲಿ ಹೇಳಕೂಡದು, ಪತ್ರ ಬರೆಯಬೇಕು, ಯಾವ ದಿನ ಅಂಚೆಗೆ ಹಾಕಿದರೆ ಯಾವ ದಿನ ನಿನ್ನ ಕೈ ಸೇರುತ್ತದೆಂಬುದನ್ನು ಟ್ರಂಕ್ ಕಾಲ್ ಜೋಡಿಸುವಷ್ಟೇ ಖಚಿತವಾಗಿ ಲೆಕ್ಕಹಾಕಿ, ಇಂದಿನ ಬುಧವಾರವೇ ಹಾಕಬೇಕೆಂದಳು. "ಮಂಗಳವಾರ ಸಂಜೆ ರೂಮಿಗೆ ಬಂದಾಗ ಬಾಗಿಲ ಸಂದೀಲಿ ಇರುತ್ತೆ."

ಹದಿನಾಲ್ಕರ ಮಂಗಳವಾರ ವ್ಯಾನು ಬಂದಿತು. ಹೊರಗೆ ಹೋಗಿ ಬೇಡವೆಂದು ಹೇಳಿದವನು ನಾನೇ. ಚಾಲಕ, "ಗುರುವಾರ ಬರಲಾ ಸಾರ್?" ಎಂದ. ಅದಕ್ಕೂ ನಾನೇ ಉತ್ತರ ಕೊಟ್ಟೆ.

ಕಳೆದ ಎರಡು ಭಾನುವಾರವೂ ನೀನು ಫೋನ್ ಮಾಡಿದಾಗ ಲಕೋಟೆ ಬಂದಿಲ್ಲವೆಂದೆ. "ಚೆನ್ನಾಗಿದ್ದಾಳೆ, ಮಲಗಿದ್ದಾಳೆ" ಎಂದೆ. ನಿಜವಾದದ್ದು ಮಲಗಿದ್ದಾಳೆ ಎಂಬುದೊಂದೇ.

ಫೋನು ಈ ಮೇಜಿನ ಮೇಲೆಯೇ ಇದೆ. ಮೊನ್ನೆ ಎತ್ತಿದೆ. ಒಳಗಿನಿಂದ ಆಕೆ, "ಯಾವ ನಂಬರ್ ಬೇಕು ಸಾರ್?" ಎಂದಳು. ಇಟ್ಟುಬಿಟ್ಟೆ. ನಿನ್ನೆಯೂ ಎತ್ತಿದೆ, ಅದೇ ಪ್ರಶ್ನೆ, ಧ್ವನಿ ಅರ್ಧಕ್ಕೆ ಇಳಿದಿತ್ತು. ಇಂದು ಮಧ್ಯಾಹ್ನ ಮತ್ತೆ ಎತ್ತಿದೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಬಹಳ ಹೊತ್ತು ಕಿವಿಗೆ ಹಿಡಿದು ನಿಂತಿದ್ದೆ. ಆಕೆಗೆ ಕೊಟ್ಟ ಮಾತನ್ನು ಮುರಿಯುವುದೋ ನಿನ್ನ ಕೋರಿಕೆಯನ್ನು ಮುರಿಯುವುದೋ ಎಂದು ನಿರ್ಧರಿಸಲು ನನ್ನಿಂದಾಗಲಿಲ್ಲ; ನಿರ್ಧರಿಸಲಾಗದವನು ಮಾಡುವುದನ್ನೇ ಮಾಡಿದೆ, ಕೆಳಗಿಟ್ಟೆ.

ಭಾನುವಾರ ದಾಟುವುದು ಕಷ್ಟವೆಂದು ಡಾಕ್ಟರು ಬೆಳಿಗ್ಗೆ ಬಂದು ನೋಡಿ ಹೇಳಿದರು. ನೀನು ಇದನ್ನು ಓದುವ ವೇಳೆಗೆ ಮಂಗಳವಾರ ಸಂಜೆಯಾಗಿರುತ್ತದೆ; ಇಲ್ಲಿಂದ ಕೆಳಗೆ ನಾನು ಬರೆಯುವುದೊಂದೂ ಆಗ ನಿಜವಾಗಿ ಉಳಿದಿರುವುದಿಲ್ಲ. ಈಗ ನಿಜವಾಗಿದೆ. ಆಕೆ ಎಡಮಗ್ಗುಲಾಗಿ ಮಲಗಿದ್ದಾಳೆ. ತಲೆ ಬಾಚಿದೆ, ಬೈತಲೆ ನೇರವಾಗಿ ಬಂದಿಲ್ಲ. ತುಟಿ ಒಣಗಿದೆ, ಆಗಾಗ ಹತ್ತಿಯಲ್ಲಿ ನೀರು ಮುಟ್ಟಿಸುತ್ತಿದ್ದೇನೆ. ಈಗ ತಾನೇ ಕಣ್ಣು ತೆರೆದು ಬಾಗಿಲ ಕಡೆಗೆ ನೋಡಿದಳು, ನನ್ನ ಕಡೆಗಲ್ಲ. ಮತ್ತೆ ಮುಚ್ಚಿದಳು. ಉಸಿರಾಡುತ್ತಿದ್ದಾಳೆ.

ನಿನ್ನ ತಂದೆ
ಬುಧವಾರ, ಜನವರಿ ೨೨, ಸಂಜೆ ನಾಲ್ಕು ಗಂಟೆ ಮೂವತ್ತೈದು ನಿಮಿಷ